ರಜೆಯಲ್ಲಿ ಊರಿಗೆ: ಮಕ್ಕಳಿಗೆ ನಾವು ಏನನ್ನು ತೋರಿಸುತ್ತಿದ್ದೇವೆ?

ವರ್ಷದಲ್ಲಿ ಎರಡು ಬಾರಿ ನಮ್ಮ ಕರಾವಳಿಯ ಊರುಗಳಲ್ಲಿ ಮಕ್ಕಳ ಸದ್ದು ಹೆಚ್ಚುತ್ತದೆ. ಎಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರು, ಮುಂಬೈ ಮುಂತಾದ ನಗರಗಳಿಂದ ಬರುವವರು. ಜುಲೈ-ಆಗಸ್ಟ್‌ನ ಬಿರುಮಳೆಯ ನಡುವೆ ದುಬೈ, ದೋಹಾ, ದಮ್ಮಾಮ್, ಕುವೈತ್‌ಗಳಿಂದ ಬರುವವರು. ವರ್ಷವಿಡೀ ಬೀಗ ಹಾಕಿದ್ದ ಕೋಣೆಗಳು ತೆರೆಯುತ್ತವೆ. ಅಜ್ಜಿಯರ ಮುಖದಲ್ಲಿ ನಗು ಮೂಡುತ್ತದೆ. ಮಸೀದಿಯ ಶುಕ್ರವಾರದ ಸಫ್‌ಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ನಾಲ್ಕಾರು ವಾರಗಳ ಬಳಿಕ ಪೆಟ್ಟಿಗೆಗಳನ್ನು ಕಟ್ಟಲಾಗುತ್ತದೆ. ಕೋಣೆಗಳಿಗೆ ಮತ್ತೆ ಬೀಗ ಬೀಳುತ್ತದೆ. ಈ ಬಂದು ಹೋಗುವಿಕೆಗಾಗಿ ಎಷ್ಟೋ ಕುಟುಂಬಗಳು ವರ್ಷದ ಉಳಿತಾಯದ ದೊಡ್ಡ ಪಾಲನ್ನು ವ್ಯಯಿಸುತ್ತವೆ. ಆದರೆ ಇಷ್ಟೆಲ್ಲ ಖರ್ಚು ಮಾಡಿ ಕರೆತಂದ ಮಕ್ಕಳು ಊರಿನಿಂದ ಏನನ್ನು ಕೊಂಡೊಯ್ದರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದುಂಟೇ?

ರಜೆಯ ದಿನಚರಿಯನ್ನು ಒಮ್ಮೆ ಗಮನಿಸೋಣ. ಮೊದಲ ವಾರ ದಣಿವಾರಿಸಿಕೊಳ್ಳುವುದರಲ್ಲಿ ಕಳೆಯುತ್ತದೆ. ಅನಂತರ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳ ಸಾಲು. ನಡುವೆ ಬ್ಯಾಂಕು, ಆಧಾರ್, ಪಾಸ್‌ಪೋರ್ಟ್, ಹಲ್ಲಿನ ವೈದ್ಯರು. ಬಟ್ಟೆ ಖರೀದಿಗೆಂದು ಮಂಗಳೂರಿನ ಮಾಲ್‌ಗಳಿಗೆ ಎರಡು ಮೂರು ಸುತ್ತು. ಮಕ್ಕಳಿಗೆ ಬೇಸರವಾಗಬಾರದೆಂದು ಚಿಕ್ಕಮಗಳೂರಿಗೋ ಊಟಿಗೋ ಒಂದು ಪ್ರವಾಸ. ಬಂಧುಗಳ ಮನೆಗಳಿಗೆ ಹೋಗಲು ಉಳಿಯುವುದು ಕೊನೆಯ ಎರಡು ದಿನ. ಒಂದೇ ಮಧ್ಯಾಹ್ನ ಐದಾರು ಮನೆಗಳ ಮುಂದೆ ಕಾರು ನಿಲ್ಲಿಸಿ, ಚಾಕೊಲೇಟಿನ ಪೊಟ್ಟಣ ಕೊಟ್ಟು, ಮುಖ ತೋರಿಸಿ ಬರುವುದಕ್ಕೆ ನಾವು ಬಂಧುಗಳ ಭೇಟಿಯೆಂದು ಹೆಸರಿಟ್ಟಿದ್ದೇವೆ. ಮಕ್ಕಳಲ್ಲಿ ಕೆಲವರು ಕಾರಿನಿಂದ ಇಳಿಯುವುದೇ ಇಲ್ಲ. ಇಂತಹ ರಜೆಯನ್ನು ಮುಗಿಸಿ ಮರಳುವ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಕರೆಂಟು ಕೈಕೊಡುವ, ಸೊಳ್ಳೆ ಕಚ್ಚುವ, ಯಾರಾರೋ ಬಂದು ಕೆನ್ನೆ ಹಿಂಡುವ ಒಂದು ಜಾಗ ಮಾತ್ರ. ತಪ್ಪು ಮಗುವಿನದ್ದಲ್ಲ. ನಾವು ತೋರಿಸಿದ್ದನ್ನೇ ಅದು ಕಂಡಿದೆ.

ತಂದೆಯ ಜಮೀನು, ಮನೆ, ತೋಟಗಳು ಕಾಗದದ ಮೂಲಕ ಮಕ್ಕಳಿಗೆ ಸೇರುತ್ತವೆ. ಊರನ್ನು ಎಂದೂ ಕಾಣದ ಮಗನ ಹೆಸರೂ ಪಹಣಿಯಲ್ಲಿ ಬರಬಲ್ಲದು. ಆದರೆ ತಂದೆಯ ಬಂಧುಗಳು, ತಾಯಿಯ ಗೆಳತಿಯರು, ನೆರೆಮನೆಯವರು, ಗುರುಗಳು ಇವರೊಂದಿಗಿನ ಸಂಬಂಧವನ್ನು ಯಾವ ನೋಂದಣಿ ಕಚೇರಿಯೂ ವರ್ಗಾಯಿಸಿಕೊಡಲಾರದು. ಅದನ್ನು ಹೆತ್ತವರು ಬದುಕಿರುವಾಗ, ಮಗುವಿನ ಕೈಹಿಡಿದು, ಮನೆಯಿಂದ ಮನೆಗೆ ನಡೆದು, ಮುಖಾಮುಖಿಯಾಗಿ ಒಪ್ಪಿಸಬೇಕಾಗುತ್ತದೆ. ಒಂದು ತಲೆಮಾರು ಈ ಕೆಲಸವನ್ನು ಮಾಡದಿದ್ದರೆ ಮುಂದಿನ ತಲೆಮಾರು ಅದನ್ನು ಮಾಡಲು ಬಯಸಿದರೂ ಸಾಧ್ಯವಾಗದು. ಏಕೆಂದರೆ ಪರಿಚಯಿಸಬೇಕಾದವರು ಆಗ ಇರುವುದಿಲ್ಲ.

ಪ್ರವಾದಿವರ್ಯರು(ಸ) ಮತ್ತು ಹುಟ್ಟೂರು

ಹುಟ್ಟೂರಿನ ಮೇಲಣ ಪ್ರೀತಿ ಬರಿಯ ಭಾವುಕತೆಯೇ? ಪ್ರವಾದಿ ಮುಹಮ್ಮದ್(ಸ)ರ ಜೀವನವು ಇದಕ್ಕೆ ಉತ್ತರ ನೀಡುತ್ತದೆ. ಮಕ್ಕಾವನ್ನು ತೊರೆಯಬೇಕಾಗಿ ಬಂದಾಗ ಅವರು ಆ ಊರನ್ನು ಉದ್ದೇಶಿಸಿ, ಅದು ತಮಗೆ ಎಷ್ಟು ಪ್ರಿಯವೆಂಬುದನ್ನೂ ಅಲ್ಲಿನ ಜನರು ಹೊರಹಾಕದಿರುತ್ತಿದ್ದರೆ ತಾವು ಅದನ್ನು ಬಿಡುತ್ತಿರಲಿಲ್ಲವೆಂಬುದನ್ನೂ ಹೇಳಿದರು. ಮದೀನಾಕ್ಕೆ ವಲಸೆ ಬಂದ ಹೊಸತರಲ್ಲಿ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರದ ನಡುವೆಯೂ ಬಿಲಾಲ್(ರ) ಮಕ್ಕಾದ ಕಣಿವೆ, ಹುಲ್ಲು, ನೀರು, ಬೆಟ್ಟಗಳನ್ನು ನೆನೆದು ಹಂಬಲಿಸಿದರು. ಅವರನ್ನು ಯಾತನೆಗೆ ಗುರಿಪಡಿಸಿದ ಊರು ಅದು ಎಂಬುದನ್ನು ನಾವು ಮರೆಯಬಾರದು. ಹಝ್ರತ್ ಆಇಶಾ(ರ) ಈ ವಿಷಯವನ್ನು ತಿಳಿಸಿದಾಗ ಪ್ರವಾದಿವರ್ಯರು(ಸ) ಆ ಹಂಬಲವನ್ನು ಗದರಿಸಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ತಮಗೆ ಪ್ರಿಯಗೊಳಿಸಬೇಕೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಹುಟ್ಟೂರಿನ ನೆನಪೂ ಉಳಿಯಲಿ, ಬದುಕು ಕೊಟ್ಟ ಊರೂ ಪ್ರಿಯವಾಗಲಿ ಎಂಬುದೇ ಇಲ್ಲಿರುವ ಪಾಠವಾಗಿದೆ.

ಹಿಜ್ರಿ 8ರಲ್ಲಿ ಅವರು ವಿಜಯಿಯಾಗಿ ಅದೇ ಮಕ್ಕಾಕ್ಕೆ ಮರಳಿದರು. ಎಲ್ಲಿ ತಂಗುವಿರಿ, ನಿಮ್ಮ ಮನೆಯಲ್ಲಿಯೇ ಎಂದು ಸಂಗಾತಿಗಳು ವಿಚಾರಿಸಿದಾಗ, ಅಕೀಲ್ ನಮಗೆಂದು ಮನೆಯನ್ನು ಎಲ್ಲಿ ಉಳಿಸಿದ್ದಾರೆ ಎಂಬ ಅರ್ಥದ ಉತ್ತರವನ್ನು ಅವರು ನೀಡಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಕೀಲ್ ಅವರ ದೊಡ್ಡಪ್ಪ ಅಬೂತಾಲಿಬರ ಮಗ. ಕುಟುಂಬದ ಮನೆಗಳು ಅವರ ಮೂಲಕ ಪರರ ಪಾಲಾಗಿದ್ದವು. ಇಡೀ ನಗರವೇ ತಮ್ಮ ಅಧೀನವಾಗಿದ್ದ ಆ ದಿನ ಪ್ರವಾದಿವರ್ಯರು(ಸ) ಹಳೆಯ ಮನೆಗಾಗಿ ಕಲಹ ಹೂಡಲಿಲ್ಲ. ಡೇರೆಯಲ್ಲಿ ತಂಗಿದರು. ಅಷ್ಟೇ ಅಲ್ಲ, ಹುಟ್ಟೂರು ದಕ್ಕಿದ ಮೇಲೆ ತಮ್ಮನ್ನು ತೊರೆದುಬಿಡುವರೇನೋ ಎಂದು ಅನ್ಸಾರ್‌ಗಳು ಕಳವಳಗೊಂಡಾಗ, ತಮ್ಮ ಬದುಕೂ ಮರಣವೂ ಅವರೊಂದಿಗೇ ಎಂದು ಸಮಾಧಾನಪಡಿಸಿ ಮದೀನಾಕ್ಕೆ ಹಿಂತಿರುಗಿದರು.

ಊರು ಬಿಟ್ಟು ಹೋದ ನಮಗೆಲ್ಲ ಇದರಲ್ಲಿ ಮಾರ್ಗದರ್ಶನವಿದೆ. ಊರಿಗೆ ಮರಳಿ ನೆಲೆಸಲೇಬೇಕೆಂದು ಇಸ್ಲಾಮ್ ನಮ್ಮನ್ನು ಕಟ್ಟಿಹಾಕುವುದಿಲ್ಲ. ಮಣ್ಣನ್ನು ಆರಾಧಿಸಲೂ ಹೇಳುವುದಿಲ್ಲ. ಆದರೆ ಆ ಮಣ್ಣಿನಲ್ಲಿರುವ ಮನುಷ್ಯರ ಹಕ್ಕುಗಳನ್ನು ನೆನಪಿಸುತ್ತದೆ. ಕುಟುಂಬ ಸಂಬಂಧಗಳನ್ನು ಬೆಸೆಯಲು ಬೇಕಾದಷ್ಟು ವಂಶಾವಳಿಯನ್ನು ಕಲಿತುಕೊಳ್ಳಿರೆಂದು ಪ್ರವಾದಿವರ್ಯರು(ಸ) ಉಪದೇಶಿಸಿರುವುದು ತಿರ್ಮಿದಿಯಲ್ಲಿ ವರದಿಯಾಗಿದೆ. ವಂಶದ ಹೆಮ್ಮೆಗಾಗಿ ಕಲಿಯಬೇಕಾದ ವಿದ್ಯೆ ಇದಲ್ಲ; ಯಾರಿಗೆ ನಾವು ಏನನ್ನು ಸಲ್ಲಿಸಬೇಕಾಗಿದೆಯೆಂದು ಅರಿಯಲು ಕಲಿಯಬೇಕಾದ ವಿದ್ಯೆ. ತಂದೆಯ ಚಿಕ್ಕಮ್ಮ ಯಾರು, ಅವರ ಮನೆ ಎಲ್ಲಿದೆ, ಅವರಿಗೆ ನಾವೇನಾಗಬೇಕು ಎಂದು ಹತ್ತನೇ ತರಗತಿಯ ಎಷ್ಟು ಮಕ್ಕಳಿಗೆ ಇಂದು ಗೊತ್ತಿದೆ?

ಬಡ ಬಂಧುವಿನ ಅಂಗಳ

ಬಂಧುಗಳ ಮನೆಗೆ ಹೋಗುವುದರಲ್ಲೂ ನಾವು ಆಯ್ಕೆ ಮಾಡುತ್ತೇವೆ. ಟೈಲ್ಸ್ ಹಾಸಿದ, ಹವಾನಿಯಂತ್ರಿತ ಕೋಣೆಯಿರುವ ಮನೆಗಳಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತೇವೆ. ಗದ್ದೆಯ ಬದುವಿನಲ್ಲಿ ನಡೆದು ತಲುಪಬೇಕಾದ ಹಂಚಿನ ಮನೆಯ ಬಂಧುವನ್ನು ಮದುವೆಯ ಹಾಲ್‌ನಲ್ಲಿ ಕಂಡು ಸಲಾಮ್ ಹೇಳಿ ಮುಗಿಸುತ್ತೇವೆ. ಮಕ್ಕಳು ಇದನ್ನು ಗಮನಿಸುತ್ತಾರೆ. ಬಂಧುತ್ವಕ್ಕೂ ಆದಾಯಕ್ಕೂ ನಂಟಿದೆಯೆಂಬ ಪಾಠವನ್ನು ನಾವು ಬಾಯಿ ತೆರೆಯದೆಯೇ ಕಲಿಸಿಬಿಡುತ್ತೇವೆ. ಮುಂದೊಂದು ದಿನ ಅದೇ ಪಾಠವನ್ನು ಅವರು ನಮ್ಮ ಮೇಲೆ ಪ್ರಯೋಗಿಸಿದರೆ ಯಾರನ್ನು ದೂಷಿಸೋಣ?

ಬಡ ಬಂಧುವಿಗೆ ನೀಡುವ ದಾನದಲ್ಲಿ ದಾನದ ಪುಣ್ಯವೂ ಸಂಬಂಧವನ್ನು ಬೆಸೆದ ಪುಣ್ಯವೂ ಇದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಲಕೋಟೆಯಲ್ಲಿ ಹಣವಿಟ್ಟು ಯಾರದೋ ಕೈಯಲ್ಲಿ ಕಳುಹಿಸಿದರೆ ಎರಡನೆಯದು ಅರ್ಧವೇ ಆಗುತ್ತದೆ. ಆ ಮನೆಯ ಚಾಪೆಯ ಮೇಲೆ ಕುಳಿತು, ಅವರು ಕೊಟ್ಟ ಚಹಾ ಕುಡಿದು, ನಮ್ಮ ಮಕ್ಕಳು ಅವರ ಮಕ್ಕಳೊಂದಿಗೆ ಅಂಗಳದಲ್ಲಿ ಆಡಿದಾಗ ಸಂಬಂಧ ಪೂರ್ಣವಾಗುತ್ತದೆ. ಉಡುಗೊರೆಗಳ ವಿಷಯದಲ್ಲೂ ಎಚ್ಚರ ಅಗತ್ಯ. ವಿದೇಶದ ಸುಗಂಧ, ಮೊಬೈಲು, ಶೂಗಳನ್ನು ಮೆರೆಸುವ ಮಗುವಿನ ಮುಂದೆ ಊರಿನಲ್ಲೇ ಉಳಿದ ತಮ್ಮನ ಮಗ ಕುಗ್ಗಿಹೋಗುತ್ತಾನೆ. ರಜೆ ಮುಗಿದ ಬಳಿಕ ಆ ತಮ್ಮನ ಮನೆಯಲ್ಲಿ ಉಳಿಯುವುದು ಪ್ರೀತಿಯೋ ಹೋಲಿಕೆಯ ಕಹಿಯೋ ಎಂಬುದನ್ನು ನಮ್ಮ ನಡತೆ ತೀರ್ಮಾನಿಸುತ್ತದೆ.

ಇನ್ನು, ಎಷ್ಟೋ ಕುಟುಂಬಗಳಲ್ಲಿ ಮಕ್ಕಳನ್ನು ಕೆಲವು ಮನೆಗಳಿಗೆ ಕರೆದೊಯ್ಯದಿರಲು ಇರುವ ನಿಜವಾದ ಕಾರಣವೇ ಬೇರೆ. ಅದು ಆಸ್ತಿಯ ತಕರಾರು. ತಂದೆ ತೀರಿಹೋದ ಬಳಿಕ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ಸಹೋದರಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಉದಾಹರಣೆಗಳು ನಮ್ಮ ಸಮುದಾಯದಲ್ಲಿ ಧಾರಾಳವಾಗಿವೆ. ಹೆತ್ತವರು ಮತ್ತು ಹತ್ತಿರದ ಬಂಧುಗಳು ಬಿಟ್ಟುಹೋದುದರಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಪುರುಷರಿಗಿರುವಂತೆಯೇ ಮಹಿಳೆಯರಿಗೂ ನಿಗದಿತ ಪಾಲಿದೆಯೆಂದು ಪವಿತ್ರ ಕುರ್‌ಆನಿನ ನಾಲ್ಕನೇ ಅಧ್ಯಾಯದ 7ನೇ ಸೂಕ್ತ ಸ್ಪಷ್ಟವಾಗಿ ಸಾರುತ್ತದೆ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ, ಅದುವೇ ಪಾಲು ಎಂಬ ವಾದಕ್ಕೆ ಶರೀಅತ್‌ನಲ್ಲಿ ಆಧಾರವಿಲ್ಲ. ಅತ್ತೆಯ ಮನೆಗೆ ಮಕ್ಕಳನ್ನು ಕರೆದೊಯ್ಯಲು ತಂದೆಗೆ ಮುಖವಿಲ್ಲದಿದ್ದರೆ, ಮೊದಲು ಸರಿಪಡಿಸಬೇಕಾದುದು ಆ ಪಾಲನ್ನು. ಊರಿಗೆ ಬರುವ ಪ್ರತಿಯೊಂದು ರಜೆಯೂ ಅದಕ್ಕೊಂದು ಅವಕಾಶವಾಗಿದೆ. ಸಹೋದರಿಯ ಹಕ್ಕನ್ನು ಅವಳ ಕೈಗೆ ಒಪ್ಪಿಸುವುದನ್ನು ಮಕ್ಕಳು ಕಣ್ಣಾರೆ ಕಂಡರೆ, ಆ ಒಂದು ದೃಶ್ಯ ನೂರು ಪ್ರವಚನಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ತಪ್ಪು ನಮ್ಮದಲ್ಲ, ಅವರದ್ದು ಎನ್ನುವವರೂ ಇದ್ದಾರೆ. ಬಡತನದ ದಿನಗಳಲ್ಲಿ ಬಂಧುಗಳಿಂದ ಅವಮಾನ ಉಂಡವರು, ಮನೆಯಿಂದ ಹೊರಹಾಕಲ್ಪಟ್ಟವರು ಊರಿನ ಹೆಸರು ಕೇಳಿದರೇ ಮುದುಡುತ್ತಾರೆ. ಅವರ ನೋವು ಸಣ್ಣದಲ್ಲ. ಆದರೆ ಒಳಿತಿಗೆ ಪ್ರತಿಯಾಗಿ ಒಳಿತು ಮಾಡುವವನನ್ನಲ್ಲ, ಇತರರು ಸಂಬಂಧವನ್ನು ಕಡಿದಾಗಲೂ ಬೆಸೆಯುವವನನ್ನು ಪ್ರವಾದಿವರ್ಯರು(ಸ) ನಿಜವಾದ ಬೆಸೆಯುವವನೆಂದು ಕರೆದರು. ಕನಿಷ್ಠಪಕ್ಷ ನಮ್ಮ ಜಗಳಗಳನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗದಿರೋಣ. ಅವರಿಗೆ ತಮ್ಮ ಅಜ್ಜನ ತಮ್ಮನನ್ನು ಕಾಣುವ ಹಕ್ಕಿದೆ.

ನೆರೆಮನೆಯವರನ್ನು ಬಲ್ಲ ಮಗು

ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅದು ನಮ್ಮ ಇಂದಿನ ರಾಜಕೀಯಕ್ಕೆ ಸಂಬಂಧಿಸಿದ್ದು. ದೂರದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕರಾವಳಿಯ ಪರಿಚಯವಾಗುತ್ತಿರುವುದು ಹೇಗೆ? ಮೊಬೈಲಿಗೆ ಬಂದು ಬೀಳುವ ದೃಶ್ಯಗಳ ಮೂಲಕ. 2022ರ ಆರಂಭದಲ್ಲಿ ಉಡುಪಿಯಿಂದ ಎದ್ದ ಹಿಜಾಬ್ ವಿವಾದವನ್ನು, ಅದೇ ವರ್ಷದ ಮಾರ್ಚ್‌ನಲ್ಲಿ ಕಾಪು, ಮುಲ್ಕಿ ಮುಂತಾದೆಡೆಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಟ್ಟ ಸುದ್ದಿಯನ್ನು ಅವರು ನೋಡಿದ್ದಾರೆ. ಇದೇನಾ ನಮ್ಮ ಊರು ಎಂದು ಅವರು ಕೇಳುತ್ತಾರೆ. ಆ ಘಟನೆಗಳು ನಿಜ. ಅವುಗಳನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ ಊರಿನ ಪೂರ್ಣ ಸತ್ಯ ಅಷ್ಟೇ ಅಲ್ಲ ಎಂಬುದನ್ನು ಅವರಿಗೆ ಯಾರು ಹೇಳಬೇಕು?

ಮುಲ್ಕಿಯ ಬಪ್ಪನಾಡು ಕ್ಷೇತ್ರದ ಹೆಸರೇ ಬಪ್ಪ ಬ್ಯಾರಿಯೆಂಬ ಮುಸ್ಲಿಮ್ ವರ್ತಕನ ಐತಿಹ್ಯದೊಂದಿಗೆ ಬೆಸೆದುಕೊಂಡಿದೆ. ಅಲ್ಲಿಯ ಉತ್ಸವದಲ್ಲಿ ಆತನ ಮನೆತನಕ್ಕೆ ಗೌರವ ಸಲ್ಲುವ ರೂಢಿಯನ್ನು ಊರವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಆರಾಧನೆಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ ಮತ್ತು ಬೇರೆ. ಆದರೆ ಒಂದು ಊರು ತನ್ನ ಕತೆಯಲ್ಲಿ ಮುಸ್ಲಿಮನೊಬ್ಬನಿಗೆ ಎಂತಹ ಸ್ಥಾನ ನೀಡಿತ್ತು ಎಂಬುದನ್ನು ಅದು ತಿಳಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದುದನ್ನು ದಾಖಲಿಸಿದ್ದಾನೆ. ಅವರ ಮತ್ತು ಊರಿನವರ ನಡುವೆ ಕಲಹಗಳು ನಡೆಯುತ್ತಿದ್ದುದನ್ನೂ, ವರ್ತಕರು ತನಗೆ ಬೇಕೆಂದು ಅರಸನು ಸಂಧಾನ ಮಾಡಿಸುತ್ತಿದ್ದುದನ್ನೂ ಆತ ಬರೆದಿದ್ದಾನೆ. ಅಂದರೆ ಜಗಳವೂ ಹೊಸತಲ್ಲ, ಜೊತೆಯಾಗಿ ಬಾಳುವ ಅಗತ್ಯವೂ ಹೊಸತಲ್ಲ. ನಾವು ನಿನ್ನೆ ಮೊನ್ನೆ ಬಂದವರಲ್ಲ ಎಂಬುದಂತೂ ಖಚಿತ.

2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಕಾಗದಗಳಿಗಾಗಿ ನಡೆದ ಹುಡುಕಾಟ ಎಲ್ಲರಿಗೂ ನೆನಪಿದೆ. ಟ್ರಂಕಿನ ತಳದಿಂದ ಭೂ ನ್ಯಾಯಮಂಡಳಿಯ ಆದೇಶಗಳು ಹೊರಬಂದವು. ಊರಿನ ಸರಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿದೆಯೇ ಎಂದು ಜನ ವಿಚಾರಿಸಿದರು. ಕಾಗದಗಳನ್ನು ಜೋಪಾನವಾಗಿಡುವುದು ಅಗತ್ಯವೇ. ಆದರೆ ತಾನು ಎಲ್ಲಿಯವನು ಎಂಬ ಪ್ರಶ್ನೆಗೆ ಕಾಗದವನ್ನು ಮಾತ್ರ ತೋರಿಸಬಲ್ಲ ಯುವಕನಿಗೂ, ಮುತ್ತಜ್ಜ ತೋಡಿಸಿದ ಬಾವಿಯನ್ನೂ ತಂದೆ ಕಲಿತ ಶಾಲೆಯ ಜಗಲಿಯನ್ನೂ ಬಲ್ಲ ಯುವಕನಿಗೂ ವ್ಯತ್ಯಾಸವಿದೆ. ಎರಡನೆಯವನು ಯಾರ ಅಣಕಕ್ಕೂ ಅಂಜುವುದಿಲ್ಲ. ಯಾರ ಪ್ರಚೋದನೆಗೂ ಸುಲಭವಾಗಿ ಬಲಿಯಾಗುವುದಿಲ್ಲ.

ದ್ವೇಷಕ್ಕೆ ಬೇಕಾದ ಮೊದಲ ಗೊಬ್ಬರ ಅಪರಿಚಯ. ನೆರೆಮನೆಯ ಪೂಜಾರಿಯವರನ್ನು, ಶೆಟ್ಟರನ್ನು, ಮೊಗವೀರ ಕುಟುಂಬವನ್ನು, ದಲಿತ ಕಾಲನಿಯ ಹಿರಿಯರನ್ನು ಹೆಸರು ಹಿಡಿದು ಬಲ್ಲ ಮಗು, ಆ ಸಮುದಾಯಗಳ ಬಗ್ಗೆ ಬರುವ ವಿಷದ ಸಂದೇಶವನ್ನು ತಕ್ಷಣ ನಂಬಲಾರದು. ನಮ್ಮ ಮಗುವನ್ನು ಬಲ್ಲ ಆ ಮನೆಯವರೂ ನಮ್ಮ ಬಗೆಗಿನ ವಿಷವನ್ನು ಸುಲಭವಾಗಿ ನುಂಗಲಾರರು. ತಂದೆ ಊರಿನಲ್ಲಿದ್ದಾಗ ಈ ಪರಿಚಯ ತಾನಾಗಿಯೇ ಇತ್ತು. ತೋಟದ ನೀರು, ಬೇಲಿ, ದನ, ಹೆರಿಗೆ, ಮರಣ ಎಲ್ಲದರಲ್ಲೂ ಎರಡೂ ಮನೆಯವರು ಸೇರುತ್ತಿದ್ದರು. ಊರು ಬಿಟ್ಟವರ ಮಕ್ಕಳಿಗೆ ಅದು ತಾನಾಗಿ ಆಗದು, ನಾವೇ ಮಾಡಿಸಬೇಕು. ನಾಲ್ಕನೇ ಅಧ್ಯಾಯದ 36ನೇ ಸೂಕ್ತವು ಬಂಧುವಾಗಿರುವ ನೆರೆಯವರನ್ನು ಹೇಳಿದ ಬೆನ್ನಿಗೇ ಬಂಧುವಲ್ಲದ ನೆರೆಯವರನ್ನೂ ಹೆಸರಿಸಿ, ಅವರೊಂದಿಗೆ ಉತ್ತಮವಾಗಿ ವರ್ತಿಸಲು ಆದೇಶಿಸುತ್ತದೆ. ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವನಿಗೆ ಪಾಲು ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದರು. ರಜೆಯಲ್ಲಿ ಊರಿಗೆ ಬಂದಾಗ ನೆರೆಮನೆಗೆ ಕಳುಹಿಸುವ ಖರ್ಜೂರದ ಪೊಟ್ಟಣವನ್ನು ಮಗುವಿನ ಕೈಯಲ್ಲೇ ಕೊಟ್ಟು ಕಳುಹಿಸೋಣ. ಯಾರ ಮಗ ನೀನು ಎಂದು ಅವರು ಕೇಳಲಿ. ಆ ಪ್ರಶ್ನೆಗೆ ಮಗು ತಾನಾಗಿ ಉತ್ತರಿಸಲಿ.

ತಂದೆ ಕಲಿತ ಶಾಲೆಯ ಮಾಸ್ಟ್ರು ಬದುಕಿದ್ದರೆ ಅವರ ಮನೆಗೆ ಹೋಗುವುದು ಕಡ್ಡಾಯವೆಂದು ನಾವು ಭಾವಿಸಬೇಕು. ಫೀಸಿಗೆ ಹಣವಿಲ್ಲದ ದಿನ ಜೇಬಿನಿಂದ ಕೊಟ್ಟವರು, ಶಾಲೆ ಬಿಡಿಸಬೇಡಿರೆಂದು ಮನೆಯವರೆಗೆ ಬಂದು ಬೇಡಿಕೊಂಡವರು ನಮ್ಮ ಊರುಗಳಲ್ಲಿ ಅನೇಕರಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಾಗಿರಲಿಲ್ಲ. ಹೆತ್ತವರ ಸ್ನೇಹಿತರೊಂದಿಗೆ ಸಂಬಂಧ ಉಳಿಸಿಕೊಳ್ಳುವುದನ್ನು ಪ್ರವಾದಿವರ್ಯರು(ಸ) ಅತ್ಯುತ್ತಮ ಪುಣ್ಯಗಳಲ್ಲಿ ಸೇರಿಸಿದ್ದಾರೆ. ಹಝ್ರತ್ ಇಬ್ನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಒಬ್ಬ ಗ್ರಾಮೀಣ ಅರಬನನ್ನು ಕಂಡು ತಮ್ಮ ಸವಾರಿಯ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಕೊಟ್ಟುಬಿಟ್ಟರು. ಅಷ್ಟು ಕೊಡಬೇಕಿತ್ತೇ ಎಂದು ಸಂಗಡಿಗರು ಕೇಳಿದಾಗ, ಆತನ ತಂದೆ ತಮ್ಮ ತಂದೆಯ ಸ್ನೇಹಿತರಾಗಿದ್ದರೆಂಬ ಕಾರಣವನ್ನು ನೀಡಿದರು. ಸ್ವತಃ ಪ್ರವಾದಿವರ್ಯರು(ಸ) ಪತ್ನಿ ಖದೀಜಾ(ರ) ತೀರಿಹೋಗಿ ವರ್ಷಗಳಾದ ಮೇಲೂ ಆಡು ಕೊಯ್ದಾಗಲೆಲ್ಲ ಅವರ ಗೆಳತಿಯರಿಗೆ ಮಾಂಸ ಕಳುಹಿಸುತ್ತಿದ್ದರು. ನಮ್ಮ ತಾಯಂದಿರ ಗೆಳತಿಯರು ಯಾರೆಂದು ನಮಗೇ ತಿಳಿದಿದೆಯೇ?

ಊರಿನ ನಿಜವಾದ ಕತೆ

ಮಕ್ಕಳಿಗೆ ಊರನ್ನು ತೋರಿಸುವಾಗ ಸಿಹಿಯನ್ನಷ್ಟೇ ತೋರಿಸುವುದು ಸರಿಯಲ್ಲ. ಮಾವಿನಹಣ್ಣು, ತೋಡಿನ ಈಜು, ಪತ್ತಿರಿನ ರುಚಿ ಇವೆಲ್ಲ ಹೇಳಬೇಕಾದುವೇ. ಅವುಗಳೊಂದಿಗೆ ಹಸಿವಿನ ಕತೆಯೂ ಇತ್ತು. ಚಾಲಗೇಣಿಯ ಒಕ್ಕಲಾಗಿದ್ದ ಅಜ್ಜ ಬೆಳೆದುದರ ಬಹುಪಾಲನ್ನು ಗೇಣಿಯಾಗಿ ಅಳೆದು ಕೊಡಬೇಕಾಗಿದ್ದ ಕಾಲವದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿದಾಗ ಎಷ್ಟೋ ಮುಸ್ಲಿಮ್, ಬಿಲ್ಲವ, ಬಂಟ ಒಕ್ಕಲುಗಳು ಒಟ್ಟಿಗೆ ಡಿಕ್ಲರೇಶನ್ ಸಲ್ಲಿಸಿ ಭೂಮಿಯ ಒಡೆಯರಾದರು. ಇಂದು ಯಾವ ಜಾಗದಲ್ಲಿ ಎರಡು ಮಾಳಿಗೆಯ ಮನೆ ನಿಂತಿದೆಯೋ ಆ ಜಾಗ ನಮ್ಮದಾದುದು ಹಾಗೆ. ಅದು ಸರಕಾರದ ಕೊಡುಗೆಯೂ ಹೌದು, ರೈತ ಹೋರಾಟದ ಫಲವೂ ಹೌದು ಎಂಬುದನ್ನು ಮಕ್ಕಳು ತಿಳಿಯಬೇಕು.

ಬೀಡಿಯ ಕತೆಯನ್ನು ಮರೆಯುವಂತಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಸಾವಿರಾರು ತಾಯಂದಿರು ಮಡಿಲಲ್ಲಿ ಸೂಪು ಇಟ್ಟುಕೊಂಡು, ದೀಪದ ಬೆಳಕಿನಲ್ಲಿ ಬೀಡಿ ಕಟ್ಟಿ, ಬ್ರಾಂಚ್‌ನಿಂದ ಬಂದ ವಾರದ ಹಣದಲ್ಲಿ ಅಕ್ಕಿ ತಂದರು, ಮಕ್ಕಳನ್ನು ಓದಿಸಿದರು. ಎಪ್ಪತ್ತರ ದಶಕದಿಂದ ಗಲ್ಫ್‌ಗೆ ಹೊರಟ ಮೊದಲ ತಲೆಮಾರಿನ ಅನೇಕರ ವೀಸಾದ ಹಣಕ್ಕೆ ಅದೇ ತಾಯಂದಿರ ಕಿವಿಯ ಚಿನ್ನ ಅಡವು ಬಿತ್ತು. ಈಗ ಎಂಜಿನಿಯರ್, ವೈದ್ಯರಾಗಿರುವ ಮೊಮ್ಮಕ್ಕಳು ಆ ಅಜ್ಜಿಯ ಬೆರಳುಗಳನ್ನು ಮುಟ್ಟಿ ನೋಡಬೇಕು. ತಮ್ಮ ಪದವಿಯ ಬೇರು ಎಲ್ಲಿದೆಯೆಂದು ಅವರಿಗೆ ಆಗ ಅರ್ಥವಾಗುತ್ತದೆ.

ಊರಿನ ತಪ್ಪುಗಳನ್ನೂ ಹೇಳೋಣ. ಏಳನೇ ತರಗತಿಗೆ ಶಾಲೆ ಬಿಡಿಸಲ್ಪಟ್ಟ ಹುಡುಗಿಯರು, ವರದಕ್ಷಿಣೆಗೆ ಹಣವಿಲ್ಲದೆ ಮನೆಯಲ್ಲೇ ಉಳಿದ ಅಕ್ಕಂದಿರು, ಸಾಲ ಮಾಡಿ ನಡೆಸಿದ ಅದ್ದೂರಿ ಸತ್ಕಾರಗಳು ಇವು ನಮ್ಮದೇ ಊರಿನ ಚರಿತ್ರೆ. ಅವುಗಳಲ್ಲಿ ಎಷ್ಟನ್ನು ನಾವು ಬಿಟ್ಟಿದ್ದೇವೆ, ಎಷ್ಟನ್ನು ಇಂದೂ ಹೊಸ ಬಟ್ಟೆ ತೊಡಿಸಿ ಸಾಕುತ್ತಿದ್ದೇವೆ ಎಂದು ಮಕ್ಕಳು ಪ್ರಶ್ನಿಸಲಿ. ರಜೆಯಲ್ಲಿ ಅವರು ಕಾಣುವ ಮದುವೆಗಳೇ ಆ ಪ್ರಶ್ನೆಗೆ ಸಾಕಷ್ಟು ಆಧಾರ ಒದಗಿಸುತ್ತವೆ.

ಇದು ಕರಾವಳಿಯವರ ವಿಷಯ ಮಾತ್ರವಲ್ಲ. ಕಲಬುರಗಿ, ವಿಜಯಪುರ, ರಾಯಚೂರು ಕಡೆಗಳಿಂದ ಬೆಂಗಳೂರಿಗೂ ಗೋವಾಕ್ಕೂ ದುಡಿಯಲು ಹೋದ ಕುಟುಂಬಗಳ ಮಕ್ಕಳೂ ತಮ್ಮ ಊರಿನ ದಖ್ಖನಿ ಮಾತನ್ನು, ಅಲ್ಲಿನ ಕನ್ನಡವನ್ನು, ಹೊಲದ ಬದುಕನ್ನು ಮರೆಯುತ್ತಿದ್ದಾರೆ. ಅವರಿಗೆ ವಿಮಾನದ ಟಿಕೆಟಿನ ಚಿಂತೆಯಿಲ್ಲ. ಕೂಲಿ ತಪ್ಪುವ ಚಿಂತೆಯಿದೆ. ಆದರೆ ಸಮಸ್ಯೆ ಒಂದೇ.

ಹೆತ್ತವರು ಮಾಡಬಹುದಾದುದು

ಹಾಗಾದರೆ ಏನು ಮಾಡೋಣ? ಮೊದಲನೆಯದು ಭಾಷೆ. ಅಜ್ಜಿಯ ಮಾತು ಅರ್ಥವಾಗದ ಮೊಮ್ಮಗುವಿಗೆ ಊರು ಎಂದೂ ತೆರೆದುಕೊಳ್ಳದು. ಬ್ಯಾರಿ, ನವಾಯತಿ, ದಖ್ಖನಿ ಯಾವುದೇ ಇರಲಿ, ಮನೆಮಾತನ್ನು ಮಕ್ಕಳೊಂದಿಗೆ ಆಡುವುದನ್ನು ಕೀಳೆಂದು ಬಗೆಯಬಾರದು. ಬ್ಯಾರಿ ಭಾಷೆಗಾಗಿ 2009ರಲ್ಲಿ ರಾಜ್ಯ ಸರಕಾರವೇ ಅಕಾಡೆಮಿಯನ್ನು ಸ್ಥಾಪಿಸಿತು. ಅಕಾಡೆಮಿ ಪುಸ್ತಕ ಹೊರತರಬಹುದು. ಮಾತನ್ನು ಉಳಿಸಬೇಕಾದುದು ನಮ್ಮ ಅಡುಗೆಮನೆಗಳು. ಅದರೊಂದಿಗೆ ಕನ್ನಡವನ್ನು ಓದಲು ಬರೆಯಲು ಕಲಿಸುವುದೂ ಅಗತ್ಯ. ಊರಿನ ಅಂಗಡಿಯ ಫಲಕವನ್ನು ಓದಲಾರದವನು ಆ ಊರಿನಲ್ಲಿ ಯಾತ್ರಿಕನಾಗಿಯೇ ಉಳಿಯುತ್ತಾನೆ.

ಎರಡನೆಯದು ಸಮಯ. ರಜೆಯ ಮೊದಲ ವಾರವನ್ನೇ ಬಂಧುಗಳಿಗೂ ನೆರೆಯವರಿಗೂ ಮೀಸಲಿಡಬೇಕು. ದಿನಕ್ಕೆ ಒಂದು ಮನೆ ಸಾಕು. ಸಾಧ್ಯವಾದಲ್ಲೆಲ್ಲ ಕಾರು ಬಿಟ್ಟು ನಡೆಯೋಣ. ಕಾಲ್ನಡಿಗೆಯಲ್ಲಿ ಸಿಗುವ ಸಲಾಮ್, ನಮಸ್ಕಾರಗಳು ಕಾರಿನ ಗಾಜಿನೊಳಗೆ ಬರುವುದಿಲ್ಲ. ಬೇಸರವೆನ್ನುವ ಮಕ್ಕಳನ್ನು ಗದರಿಸುವ ಬದಲು ಕೆಲಸ ಕೊಡೋಣ. ಬಾವಿಯಿಂದ ನೀರು ಸೇದಲಿ, ಅಡಿಕೆ ಹೆಕ್ಕಲಿ, ಅಜ್ಜಿಯ ಪಕ್ಕದಲ್ಲಿ ಕುಳಿತು ಕುಟುಂಬದ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಅಜ್ಜಿಗೆ ಕೇಳುವವರು ಸಿಕ್ಕಂತಾಗುತ್ತದೆ. ಮಗುವಿಗೆ ವಂಶಾವಳಿ ಸಿಗುತ್ತದೆ. ದೊಡ್ಡವರಾದ ಹೆಣ್ಣುಮಕ್ಕಳನ್ನು ಮನೆಯೊಳಗೇ ಇರಿಸಿ ಗಂಡುಮಕ್ಕಳನ್ನಷ್ಟೇ ಊರು ಸುತ್ತಿಸುವ ಪದ್ಧತಿಯೂ ಸಲ್ಲದು. ಬಂಧುತ್ವದ ಹೊಣೆ ಇಬ್ಬರಿಗೂ ಸಮಾನ.

ಮೂರನೆಯದು ದಫನ ಭೂಮಿ. ಪ್ರವಾದಿವರ್ಯರು(ಸ) ತಮ್ಮ ತಾಯಿಯ ಕಬರ್‌ನ ಬಳಿ ನಿಂತು ಅತ್ತರು, ಜೊತೆಗಿದ್ದವರನ್ನೂ ಅಳಿಸಿದರು. ಕಬರ್‌ಗಳ ಸಂದರ್ಶನವು ಮರಣವನ್ನು ನೆನಪಿಸುತ್ತದೆಂದು ಕಲಿಸಿದರು. ಅಲ್ಲಿ ಹರಕೆಯೂ ಬೇಡ, ಬೇಡಿಕೆಯೂ ಬೇಡ. ಅಜ್ಜ ಇಲ್ಲಿ ಮಲಗಿದ್ದಾರೆ, ಅವರಿಗಾಗಿ ಅಲ್ಲಾಹನಲ್ಲಿ ಪ್ರಾರ್ಥಿಸು ಎಂದು ಮಗುವಿಗೆ ಹೇಳಿದರೆ ಸಾಕು. ತನಗೂ ಮೊದಲು ಜನರಿದ್ದರು, ತನ್ನ ಬಳಿಕವೂ ಇರುತ್ತಾರೆ ಎಂಬ ಅರಿವು ಅಲ್ಲಿ ಮೂಡುತ್ತದೆ.

ಊರಿನಲ್ಲಿರುವವರಿಗೂ ಒಂದು ಮಾತು. ಬಂದ ಮಕ್ಕಳ ತಪ್ಪು ಉಚ್ಚಾರವನ್ನು, ಉಡುಪನ್ನು, ತಿನ್ನದ ಊಟವನ್ನು ಗೇಲಿ ಮಾಡದಿರೋಣ. ಅವರ ತಂದೆಯನ್ನು ದುಡ್ಡಿನ ಚೀಲವಾಗಿ ಕಾಣದಿರೋಣ. ಬಂದ ದಿನವೇ ಮಸೀದಿ ಕಟ್ಟಡದ ರಸೀದಿ ಪುಸ್ತಕ ಹಿಡಿದು ಹೋಗುವ ಜಮಾಅತ್‌ಗಳು, ಆ ಮಕ್ಕಳಿಗಾಗಿ ಒಂದು ಸಂಜೆಯನ್ನು ಮೀಸಲಿಟ್ಟು ಊರಿನ ಹಿರಿಯರಿಂದ ಊರಿನ ಕತೆ ಹೇಳಿಸಬಾರದೇ? ಆ ಸಂಜೆಗೆ ನೆರೆಯ ಹಿಂದೂ, ಕ್ರೈಸ್ತ ಹಿರಿಯರನ್ನೂ ಕರೆಯಬಾರದೇ?

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ವಿಮಾನಗಳು ನಿಂತಾಗ, ಎಷ್ಟೋ ಮಕ್ಕಳು ತಮ್ಮ ಹೆತ್ತವರ ಜನಾಝವನ್ನು ಮೊಬೈಲಿನ ಪರದೆಯಲ್ಲಿ ನೋಡಬೇಕಾಯಿತು. ಮುಂದಿನ ವರ್ಷ ಹೋಗೋಣ ಎಂದು ಮುಂದೂಡಿದ್ದ ಭೇಟಿಗಳು ಶಾಶ್ವತವಾಗಿ ತಪ್ಪಿದವು. ಊರಿನಲ್ಲಿ ಇಂದು ಬಾಗಿಲ ಬಳಿ ಕುಳಿತಿರುವ ಹಿರಿಯರು ನಮ್ಮ ಮಕ್ಕಳಿಗೂ ಅವರ ಬೇರಿಗೂ ನಡುವಿನ ಕೊನೆಯ ಸಾಕ್ಷಿಗಳು. ಅವರು ಎದ್ದು ಹೋದ ಮೇಲೆ ಉಳಿಯುವುದು ಬೀಗ ಹಾಕಿದ ಮನೆ ಮತ್ತು ಪಾಲಿಗಾಗಿ ಕಾದಿರುವ ವಾರೀಸುದಾರರು ಮಾತ್ರ.

ಕುಟುಂಬ ಸಂಬಂಧಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು ಕುರ್‌ಆನ್ ಎಚ್ಚರಿಸಿದೆ. ಆ ಎಚ್ಚರಿಕೆ ಕೊಡುವವನಿಗೂ ಪಡೆಯುವವನಿಗೂ, ಊರಿನಲ್ಲಿ ಉಳಿದವನಿಗೂ ಊರು ಬಿಟ್ಟವನಿಗೂ ಅನ್ವಯಿಸುತ್ತದೆ. ಮುಂದಿನ ರಜೆಯ ಟಿಕೆಟು ಕಾಯ್ದಿರಿಸುವ ಮುನ್ನ ಪ್ರತಿಯೊಂದು ಮನೆಯಲ್ಲೂ ಒಂದು ಪಟ್ಟಿ ತಯಾರಾಗಲಿ: ನಾವು ಭೇಟಿಯಾಗಬೇಕಾದವರ ಪಟ್ಟಿ. ಅದರಲ್ಲಿ ಶ್ರೀಮಂತ ಬಂಧುವಿನ ಹೆಸರಿಗಿಂತ ಮೊದಲು ಬಡ ಬಂಧುವಿನ ಹೆಸರಿರಲಿ, ಮಾತು ಬಿಟ್ಟವರ ಹೆಸರಿರಲಿ, ಪಾಲು ಸಿಗದ ಸಹೋದರಿಯ ಹೆಸರಿರಲಿ, ನೆರೆಮನೆಯವರ ಹೆಸರಿರಲಿ. ಆ ಪಟ್ಟಿಯನ್ನು ಮಕ್ಕಳ ಕೈಯಿಂದಲೇ ಬರೆಯಿಸೋಣ.